ಕತ್ತರಿ ಸರಿಯಿದೆ, ಚೀಲ ಸಾಲದು

ಹಿಂದಿನ ಸಂಚಿಕೆಯ ಜೀನ್ ತಿದ್ದುಪಡಿ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಡಿಎನ್‌ಎ ಕತ್ತರಿಸುವ ಪ್ರೋಟೀನಾದ ಕ್ಯಾಸ್9 ಎಂಬ ಕತ್ತರಿಗೆ 2020ರಲ್ಲೇ ನೊಬೆಲ್ ಬಂದಿರುವಾಗ ಅದಕ್ಕಿಂತ ಚಿಕ್ಕದು ಯಾಕೆ ಬೇಕು? ಚಿಕ್ಕದಾದರೆ ತಪ್ಪು ಜಾಗದಲ್ಲಿ ಕತ್ತರಿಸುವುದೂ ಕಡಿಮೆಯಾಗುತ್ತದೆಯೇ?

ಕತ್ತರಿಯ ಬಗ್ಗೆ ಯಾರದೂ ತಕರಾರಿಲ್ಲ. ತೊಡಕಿರುವುದು ಅದನ್ನು ಜೀವಕೋಶದೊಳಗೆ ಸಾಗಿಸುವುದರಲ್ಲಿ. ಕುಡಗೋಲು ಕಣ (ಸಿಕಲ್ ಸೆಲ್) ಎಂಬ ರಕ್ತರೋಗದ ಚಿಕಿತ್ಸೆಯಲ್ಲಿ ರಕ್ತದ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಅಲ್ಲಿ ಗಾತ್ರ ಅಡ್ಡಿಯಲ್ಲ. ಮಿದುಳನ್ನೋ ಸ್ನಾಯುವನ್ನೋ ಹಾಗೆ ಹೊರಗಿಟ್ಟು ತಿದ್ದಲಾದೀತೇ? ಅಲ್ಲಿಗೆ ಹೆಚ್ಚಾಗಿ ನೆಚ್ಚಿಕೊಳ್ಳುವುದು ಎಎವಿ ಎಂಬ ಪುಟ್ಟ ವೈರಸ್ಸನ್ನು. ಅದರ ಹೊಟ್ಟೆಯಲ್ಲಿ ಹಿಡಿಸುವುದು ಸುಮಾರು 4,700 ಡಿಎನ್‌ಎ ಅಕ್ಷರ.

ಈಗ ಲೆಕ್ಕ ಹಾಕಿ. ಹೆಚ್ಚು ಬಳಕೆಯಲ್ಲಿರುವ ಕ್ಯಾಸ್9ನಲ್ಲಿ 1,368 ಅಮೈನೋ ಆಮ್ಲಗಳಿವೆ. ವೈರಸ್ ಹೊರುವುದು ಕತ್ತರಿಯ ಜೀನನ್ನು; ಅದರಲ್ಲಿ ಒಂದೊಂದು ಆಮ್ಲಕ್ಕೂ ಮೂರಕ್ಷರ, ಅಲ್ಲಿಗೆ 4,104. ಉಳಿದ ಆರುನೂರು ಚಿಲ್ಲರೆಯಲ್ಲಿ ವೈರಸ್ಸಿನ ಎರಡು ತುದಿಗಳು, ಜೀನನ್ನು ಚಾಲೂ ಮಾಡುವ ಪ್ರೊಮೋಟರ್, ದಾರಿ ತೋರುವ ಗೈಡ್ ಆರ್‌ಎನ್‌ಎ ಎಲ್ಲವೂ ತುರುಕಿಕೊಳ್ಳಬೇಕು. ಕತ್ತರಿಯನ್ನೂ ಗೈಡನ್ನೂ ಎರಡು ವೈರಸ್‌ಗಳಲ್ಲಿ ಹಂಚಿ ಕಳಿಸುವುದುಂಟು, ಆದರೆ ಎರಡೂ ಒಂದೇ ಕೋಶಕ್ಕೆ ತಲುಪಿದರೆ ಮಾತ್ರ ಕೆಲಸ.

ಚಿಕ್ಕ ಕತ್ತರಿಗಳು ನಿಸರ್ಗದಲ್ಲೇ ಇವೆ, ಆದರೆ ನಮ್ಮ ಕೋಶಗಳಿಗೆಂದು ಬೆಳೆದವಲ್ಲ. 529 ಅಮೈನೋ ಆಮ್ಲಗಳ ಕ್ಯಾಸ್12ಎಫ್ ಎಂಬ ಒಂದು ಚಿಕ್ಕ ಕತ್ತರಿ ಮನುಷ್ಯರ ಕೋಶದಲ್ಲಿ ಮೊದಲು ಮೈಮುರಿದು ದುಡಿಯಲೇ ಇಲ್ಲ. ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಚಿ ತಂಡ ಪ್ರೋಟೀನನ್ನೂ ಅದರ ಗೈಡನ್ನೂ ತಿದ್ದಿ, 2021ರಲ್ಲಿ ಕ್ಯಾಸ್‌ಮಿನಿ ಎಂದು ಹೆಸರಿಟ್ಟು ಅದನ್ನು ಕೆಲಸಕ್ಕೆ ಹಚ್ಚಿತು. ತಮಾಷೆಯೆಂದರೆ, ಈ ಕ್ಯಾಸ್12ಎಫ್ ಒಂಟಿಯಾಗಿ ದುಡಿಯುವುದಿಲ್ಲ. ಒಂದು ಗೈಡನ್ನು ಎರಡು ಪ್ರತಿಗಳು ಜೊತೆಯಾಗಿ ಹಿಡಿಯುತ್ತವೆ. ಎರಡೂ ಒಂದೇ ಜೀನಿನಿಂದ ತಯಾರಾಗುವುದರಿಂದ ವೈರಸ್ಸಿನಲ್ಲಿ ಜೀನ್ ಮಾತ್ರ ಒಂದೇ ಸಾಕು.

ಇದಕ್ಕೂ ಪುಟ್ಟ ಕತ್ತರಿ ಟಿಎನ್‌ಪಿಬಿ, 400 ಅಮೈನೋ ಆಮ್ಲಗಳ ಆಸುಪಾಸು. ಆದರೆ ಅದು ಬಲು ಚೂಸಿ. ಕ್ಯಾಸ್9ಗೆ ಗುರಿಯ ಪಕ್ಕ ಡಿಎನ್‌ಎಯ 'ಜಿ' ಅಕ್ಷರ ಎರಡಿದ್ದರೆ ಸಾಕು. ಡೀನೋಕಾಕಸ್ ಬ್ಯಾಕ್ಟೀರಿಯಾದ ಟಿಎನ್‌ಪಿಬಿಗೆ 'ಟಿಟಿಜಿಎಟಿ' ಎಂಬ ಐದಕ್ಷರವೇ ಬೇಕು. ನೀವು ತಿದ್ದಬೇಕಾದ ಜಾಗದ ಪಕ್ಕ ಅದಿಲ್ಲದಿದ್ದರೆ ಮುಗಿಯಿತು.

ಎರಡನೆಯ ಪ್ರಶ್ನೆಗೆ ಉತ್ತರ: ಇಲ್ಲ. ಗಾತ್ರ ಇಳಿದ ಮಾತ್ರಕ್ಕೆ ನಿಖರತೆ ಏರುವುದಿಲ್ಲ. ಒಂದೊಂದು ಕತ್ತರಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಎಎವಿ ತಂದಿಟ್ಟ ಜೀನ್, ವಿಭಜನೆಯಾಗದ ಕೋಶದಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಕೆಲಸ ಮುಗಿದ ಮೇಲೂ ಕತ್ತರಿ ತಯಾರಾಗುತ್ತಲೇ ಇರಬಹುದು, ಅದು ಚಿಕ್ಕದಾದರೂ ಅಷ್ಟೇ. ಲೇಖನದಲ್ಲೇ ಇದನ್ನು ಹೇಳಬೇಕಿತ್ತು. ಬಿಟ್ಟುಹೋದದ್ದು ನಮ್ಮ ತಪ್ಪು.

– ಸಂ.