ಏಳನೇ ಕ್ಲಾಸಿನ ಮಕ್ಕಳು ತಮ್ಮ ಬಗ್ಗೆ ತಾವೇ ಬರೆಯುವಂತೆ ಮಾಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಬಯಲುಸೀಮೆಯಿಂದ ಕಾರವಾರದ ಹತ್ತಿರದ ಶಾಲೆಗೆ ಬಂದಿದ್ದೀರಿ. ಆರರಿಂದ ಎಂಟನೇ ತರಗತಿಗೆ ಕನ್ನಡ ಪಾಠ. ಮಕ್ಕಳಿಂದ ಅವರ ‘ಅಸ್ಮಿತೆ’ ಬಗ್ಗೆ ಬರೆಸಬೇಕು ಅಂತ ಆಸೆ. ಆದರೆ ಇಡೀ ತರಗತಿ ‘ನನ್ನ ಹೆಸರು ಇದು, ನನ್ನ ತಂದೆಯ ಹೆಸರು ಇದು, ಮುಂದೆ ಡಾಕ್ಟರ್ ಆಗಿ ದೇಶಸೇವೆ ಮಾಡುತ್ತೇನೆ’ ಅಂತ ಬರೆದು ಕೊಟ್ಟಿದೆ.

ನಾನೂ ಕಾರವಾರ–ಅಂಕೋಲಾ ನಡುವಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮೊದಲ ಮಾತು: ಆ ‘ಅಸ್ಮಿತೆ’ಯನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಬನ್ನಿ. ಮಕ್ಕಳಿಗೆ ‘ಗುರುತು’ ಸಾಕು. ಶಾಲೆಯ ಕಾಗದಗಳಲ್ಲಿ ‘ಗುರುತಿನ ಚಿಹ್ನೆ’ ಅಂತ ಕೇಳಿ ಮಚ್ಚೆ, ಗಾಯದ ಕಲೆ ಬರೆಸುತ್ತಾರಲ್ಲ? ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ‘ನಿಮ್ಮ ಮೈಮೇಲಿನ ಒಂದು ಗಾಯದ ಕಲೆ ನೋಡಿಕೊಳ್ಳಿ. ಅದು ಹೇಗಾಯಿತು, ಆಗ ಪಕ್ಕದಲ್ಲಿ ಯಾರಿದ್ದರು, ಯಾರು ಬೈದರು, ಬರೆಯಿರಿ.’ ಅಷ್ಟೇ. ದೇಶಸೇವೆಗೆ ಅಲ್ಲಿ ಜಾಗವೇ ಇಲ್ಲ. ನೀರಿಳಿದಾಗ ಅಜ್ಜಿಯ ಜತೆ ಚಿಪ್ಪೆಕಲ್ಲು ಆರಿಸಲು ಹೋಗಿ ಅಂಗಾಲು ಕೊಯ್ದುಕೊಂಡದ್ದು ಬರುತ್ತದೆ. ಮೆಟ್ಟುಗತ್ತಿಯ ಮೇಲೆ ಕೂತು ದೊಡ್ಡವರ ಹಾಗೆ ಮೀನು ಹೆಚ್ಚಲು ಹೋದದ್ದು ಬರುತ್ತದೆ. ತಾನು ಯಾರ ಮನೆಯ ಮಗು, ಮನೆಯಲ್ಲಿ ಏನು ಕೆಲಸ, ಯಾರನ್ನು ಕಂಡರೆ ಹೆದರಿಕೆ, ಎಲ್ಲ ಕೇಳದೆಯೇ ಸಿಗುತ್ತದೆ.

ಇನ್ನು ನನ್ನದೊಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹುಡುಗಿ ‘ಬೆಳಿಗ್ಗೆ ಆಯಿ ನುಸ್ತೆ ಬುಟ್ಟಿ ತಕ್ಕೊಂಡು ಬಸ್ಸಿಗೆ ಹೋಗ್ತದೆ’ ಅಂತ ಬರೆದಿದ್ದಳು. ನಾನು ‘ಆಯಿ’ಗೆ, ‘ನುಸ್ತೆ’ಗೆ, ‘ಹೋಗ್ತದೆ’ಗೆ ಕೆಂಪು ಸುತ್ತು ಹಾಕಿದೆ. ಕೆಳಗೆ ‘ತಾಯಿಯವರು ಮೀನಿನ ಬುಟ್ಟಿಯನ್ನು ತೆಗೆದುಕೊಂಡು ಹೋಗುತ್ತಾರೆ’ ಅಂತ ಬರೆದುಕೊಟ್ಟೆ. ವ್ಯಾಕರಣ ಸರಿಯಾಯಿತು. ಆದರೆ ಆ ವಾಕ್ಯದಲ್ಲಿದ್ದವರು ಇನ್ಯಾರದೋ ತಾಯಿ ಆಗಿಬಿಟ್ಟರು. ಆಮೇಲೆ ಇಡೀ ವರ್ಷ ಆ ಹುಡುಗಿ ನಾಲ್ಕು ಸಾಲಿನ ಮೇಲೆ ಬರೆಯಲಿಲ್ಲ. ನಾಚಿಕೆಯ ಸಂಗತಿ ಅಂದರೆ, ನಾನು ಶಿರಸಿ ಕಡೆಯವನು, ನಮ್ಮ ಮನೆಯಲ್ಲೂ ಅಮ್ಮನನ್ನು ಕರೆಯುವುದು ‘ಆಯಿ’ ಅಂತಲೇ!

ಅದಕ್ಕೇ ಈಗ ಎರಡು ಪಟ್ಟಿ (ನೋಟ್‌ಬುಕ್) ಇಡಿಸುತ್ತೇನೆ. ಪರೀಕ್ಷೆಯ ಕನ್ನಡಕ್ಕೆ ಒಂದು, ಅದರಲ್ಲಿ ತಿದ್ದುತ್ತೇನೆ. ಇನ್ನೊಂದರಲ್ಲಿ ಕೆಂಪು ಪೆನ್ನು ಮುಟ್ಟುವುದಿಲ್ಲ. ಮನೆಯ ಮಾತು ಕೊಂಕಣಿ ಇರಲಿ, ಮರಾಠಿ ಇರಲಿ, ಹಾಲಕ್ಕಿಗಳ ಕನ್ನಡ ಇರಲಿ, ಕನ್ನಡ ಅಕ್ಷರದಲ್ಲಿ ಹಾಗೇ ಬರೆಯಬಹುದು. ಒಂದು ದಿನ ಬೋರ್ಡಿನ ಮೇಲೆ ‘ನಾನು’ ಅಂತ ಬರೆದು, ಇದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ ಅಂತ ಕೇಳಿ ನೋಡಿ. ಕೊಂಕಣಿ ಮಕ್ಕಳು ‘ಹಾಂವ್’ ಅಂತಾರೆ, ಮರಾಠಿಯವರು ‘ಮೀ’. ನಾನು ಹವ್ಯಕರ ‘ಆನು’ ಸೇರಿಸುತ್ತೇನೆ. ‘ನಾನು’ ಅನ್ನುವುದೇ ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು. ‘ಯಾವುದು ಹೇಳುವಾಗ ಧೈರ್ಯ ಜಾಸ್ತಿ?’ ಅಂತ ಕೇಳಿದ್ದಕ್ಕೆ ಬಂದ ಬರಹಗಳೇ ನನಗೆ ಈವರೆಗೆ ಸಿಕ್ಕಿದ್ದರಲ್ಲಿ ಒಳ್ಳೆಯವು.

ಈ ಊರಿಗೇ ಸೇರಿದ ವಿಷಯ ಹುಡುಕಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಶಾಲೆ ಶುರುವಾಗುವ ಹೊತ್ತಿಗೇ ಬೋಟಿಗೆ ಹೋಗುವ ಅಪ್ಪಂದಿರು ಮನೆಯಲ್ಲಿರುತ್ತಾರೆ. ‘ಅಪ್ಪ ಮನೆಯಲ್ಲಿರುವ ಮಳೆಗಾಲ’ ಅಂದರೆ ಆ ಮಕ್ಕಳು ಪೆನ್ನು ಕೆಳಗಿಡುವುದಿಲ್ಲ. ಹಾಗೇ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬಗಳ ಮಕ್ಕಳು ನಿಮ್ಮಲ್ಲೂ ಇರಬಹುದು. ಆ ನೆಲೆ, ಅಂದರೆ ಐಎನ್‌ಎಸ್ ಕದಂಬ, ಶುರುವಾಗಿದ್ದು 2005ರಲ್ಲಿ. ಈ ಮಕ್ಕಳು ಹುಟ್ಟಿದ್ದೇ ಅದಾದ ಮೇಲೆ. ಅಜ್ಜ ‘ನಮ್ಮೂರು’ ಅಂದಾಗ ಮೊಮ್ಮಗಳಿಗೆ ಯಾವ ಊರು ಕಾಣುತ್ತದೆ? ಮನೆಯಲ್ಲಿ ಕೇಳಿಕೊಂಡು ಬಂದು ಬರೆಯಲಿ. ಆದರೆ ಇದನ್ನು ಎಲ್ಲರಿಗೂ ಕಡ್ಡಾಯ ಮಾಡಬೇಡಿ.

ವಂಶವೃಕ್ಷ ಬರೆಸುವುದಂತೂ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಅಪ್ಪ ಇಲ್ಲದ ಮಗುವಿಗೆ ಅದು ಶಿಕ್ಷೆ. ಮೇಲಾಗಿ ಹರಿಕಂತ್ರ, ಗೌಡ, ಸಿದ್ದಿ ಅಂತ ಇಲ್ಲಿ ಅಡ್ಡಹೆಸರೇ ಜಾತಿ ಹೇಳಿಬಿಡುತ್ತದೆ. ಅದೇ ಕಾರಣಕ್ಕೆ ಯಾರ ಬರಹವನ್ನೂ ಕೇಳದೆ ಗಟ್ಟಿಯಾಗಿ ಓದುವುದಿಲ್ಲ. ತೋರಿಸಲು ಇಷ್ಟವಿಲ್ಲದ ಪುಟವನ್ನು ಮಗು ಅರ್ಧಕ್ಕೆ ಮಡಚಿ ಕೊಡುತ್ತದೆ. ಮಡಚಿದ್ದನ್ನು ನಾನು ಬಿಡಿಸುವುದಿಲ್ಲ. ಮೊದಲ ತಿಂಗಳು ಮಕ್ಕಳು ಸುಮ್ನೆ ಪರೀಕ್ಷೆ ಮಾಡಲೆಂದೇ ಮಡಚುತ್ತಾರೆ, ಖಾಲಿ ಹಾಳೆಯನ್ನೂ!

ಆದರೆ ‘ಏನೇ ಬರೆದರೂ ಯಾರಿಗೂ ಹೇಳೋದಿಲ್ಲ’ ಅಂತ ಮಾತು ಕೊಡಬೇಡಿ. ಇದು ಮುಖ್ಯ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಬರಹದಿಂದ ತಿಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ. ನಾನು ಮೊದಲೇ ಹೇಳಿರುತ್ತೇನೆ: ‘ಯಾರಾದರೂ ನಿಮಗೆ ನೋವು ಮಾಡುತ್ತಿದ್ದಾರೆ ಅಂತ ಗೊತ್ತಾದರೆ ನಾನು ಸುಮ್ಮನಿರೋದಿಲ್ಲ. ಸಹಾಯ ಮಾಡುವವರಿಗೆ ಹೇಳುತ್ತೇನೆ, ನಿಮಗೆ ತಿಳಿಸಿಯೇ ಹೇಳುತ್ತೇನೆ.’ ಇದರಿಂದ ಮಕ್ಕಳು ಬರೆಯುವುದು ಕಡಿಮೆಯಾಗಲಿಲ್ಲ.

ಸಮಯ ಎಷ್ಟು ಕೊಡಬೇಕು ಅಂತಲೂ ಕೇಳಿದ್ದೀರಿ. ವಾರಕ್ಕೆ ಒಂದು ಸಲ, 15 ನಿಮಿಷ. ಅಮೆರಿಕದಲ್ಲಿ ಜೆಫ್ರಿ ಕೋಹೆನ್ ಮತ್ತು ಸಂಗಡಿಗರು ಏಳನೇ ತರಗತಿಯ ಮಕ್ಕಳಿಗೆ, ತಮಗೆ ಯಾವುದು ಮುಖ್ಯ, ಯಾಕೆ ಅಂತ ಸುಮಾರು ಅಷ್ಟೇ ಹೊತ್ತು ಬರೆಯಲು ಹೇಳಿದ್ದರು. ಕಪ್ಪು ಮಕ್ಕಳ ಅಂಕ ಸುಧಾರಿಸಿತು ಅಂತ 2006ರಲ್ಲಿ ಪ್ರಕಟವಾಯಿತು. ಆಮೇಲೆ ಬೇರೆ ಕಡೆ ಮಾಡಿದಾಗ ಎಲ್ಲ ಕಡೆಯೂ ಅಷ್ಟು ಫಲ ಸಿಗಲಿಲ್ಲ. ಹಾಗಾಗಿ ಅಂಕದ ಆಸೆಗೆ ಮಾಡಬೇಡಿ.

ಆ 15 ನಿಮಿಷ ನೀವೂ ಬರೆಯಿರಿ, ಮೊದಲು ಓದುವುದೂ ನೀವೇ. ಹೊಸ ಊರು, ಮೀನು ಪೇಟೆಯಲ್ಲಿ ಬಾಂಗಡೆ ಯಾವುದು ತಾರ್ಲೆ ಯಾವುದು ಗೊತ್ತಾಗದೆ ಪೆಚ್ಚಾಗಿದ್ದು, ಅದನ್ನೇ ಬರೆಯಬಹುದು. ಹಿಂದಿನ ಬೆಂಚಿನವನು ತಕ್ಷಣ ಎದ್ದು ನಿಲ್ಲುತ್ತಾನೆ, ‘ಹಾಗಲ್ಲ ಟೀಚರ್, ನಾನು ಹೇಳ್ತೆ’ ಅಂತ.