ಕೇಳಿ, ಹೇಳುತ್ತೇವೆ: ನಾಣ್ಯದ ಲೆಕ್ಕ, ಕವಡೆಯ ಲೆಕ್ಕ

ಪ್ರಶ್ನೆ: ಎರಡು ನಾಣ್ಯ ಚಿಮ್ಮಿದರೆ ಎರಡೂ ಶಿರ, ಒಂದೊಂದು, ಎರಡೂ ಪುಚ್ಛ – ಬೀಳುವುದು ಈ ಮೂರೇ ಬಗೆ. ಹಾಗಿದ್ದರೆ ಕನಿಷ್ಠ ಒಂದು ಶಿರ ಬೀಳುವ ಸಂಭವನೀಯತೆ 2/3 ಆಗಬೇಕಲ್ಲವೇ? ಉತ್ತರ 3/4 ಎಂದಿದೆ.
– ಹತ್ತನೇ ತರಗತಿ ವಿದ್ಯಾರ್ಥಿನಿ

ಉತ್ತರ: 3/4 ಸರಿ. ಬೇಸರ ಬೇಡ, ಫ್ರಾನ್ಸಿನ ಗಣಿತಜ್ಞ ಡಾಲಂಬೆರ್ ಕೂಡ 1754ರಲ್ಲಿ 2/3 ಎಂದೇ ವಾದಿಸಿದ್ದರು. ಅವರು ಹೋದ ದಾರಿ ಬೇರೆ, ಎಡವಿದ ಕಲ್ಲು ಒಂದೇ. ಅನುಕೂಲ ಫಲಿತಗಳನ್ನು ಒಟ್ಟು ಫಲಿತಗಳಿಂದ ಭಾಗಿಸುವ ಸೂತ್ರ ನಡೆಯುವುದು ಎಲ್ಲ ಫಲಿತಗಳಿಗೂ ಸಮಾನ ಸಾಧ್ಯತೆ ಇದ್ದಾಗ ಮಾತ್ರ. ನಿಮ್ಮ ಮೂರಕ್ಕೆ ಅದಿಲ್ಲ.

ಒಂದು ರೂಪಾಯಿಯದು, ಎರಡು ರೂಪಾಯಿಯದು ಎಂದು ಬೇರೆಬೇರೆ ನಾಣ್ಯ ತೆಗೆದುಕೊಳ್ಳಿ. ಅದೇ ಕ್ರಮದಲ್ಲಿ ಬರೆದರೆ ಶಿಶಿ, ಶಿಪು, ಪುಶಿ, ಪುಪು. ನೀವು 'ಒಂದೊಂದು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೊಳಗೆ ಎರಡು ಫಲಿತಗಳಿವೆ. ನಾಣ್ಯಗಳು ನೋಡಲು ಒಂದೇ ಥರ ಇದ್ದರೂ ಲೆಕ್ಕ ಬದಲಾಗದು. ನಂಬಿಕೆ ಬಾರದಿದ್ದರೆ 100 ಸಲ ಚಿಮ್ಮಿ ಗೀಟು ಹಾಕಿ: 'ಒಂದೊಂದು' 33ರ ಹತ್ತಿರವಲ್ಲ, 50ರ ಆಸುಪಾಸಿನಲ್ಲಿ ನಿಲ್ಲುತ್ತದೆ.

'ಕನಿಷ್ಠ ಒಂದು' ಎಂದು ಕಂಡಾಗಲೆಲ್ಲ 'ಒಂದೂ ಇಲ್ಲ' ಎಂಬುದನ್ನು 1ರಿಂದ ಕಳೆಯುವುದು ಸುಲಭ: 1 − 1/4. ಮೂರು ನಾಣ್ಯಕ್ಕೆ 1 − 1/8, ಅಂದರೆ 7/8.

ಎರಡು ದಾಳಗಳಲ್ಲಿ ತಪ್ಪು ತಿರುಗಿ ಬರುತ್ತದೆ. (3,4), (4,3) ಬೇರೆಬೇರೆ ಎಂದು ಕಲಿತವರು ಅದೇ ಹುರುಪಿನಲ್ಲಿ (3,3)ನ್ನೂ ಎರಡು ಸಲ ಬರೆದುಬಿಡುತ್ತಾರೆ. ಅದು ಒಂದೇ ಸಲ. ಒಟ್ಟು 36 ಬರದಿದ್ದರೆ ಪಟ್ಟಿ ತಪ್ಪಿದೆ.

ಪ್ರಶ್ನೆ: ಚೌಕಾಬಾರದಲ್ಲಿ ನಾಲ್ಕು ಕವಡೆ. ನಾಲ್ಕೂ ಅಂಗಾತ ಬೀಳುವ ಸಂಭವನೀಯತೆ 1/16 ತಾನೇ?
– ಒಂಬತ್ತನೇ ತರಗತಿ ವಿದ್ಯಾರ್ಥಿ

ಉತ್ತರ: ಹಾಗೆಂದು ಹೇಳಲಾಗದು. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಅಂಗಾತ, ಬೋರಲು ಎರಡೂ ಸಮ ಎನ್ನಲು ಆಧಾರವಿಲ್ಲ. ಇಲ್ಲಿ ಎಸೆದೇ ನೋಡಬೇಕು. ಒಂದು ಕವಡೆಯನ್ನು 200 ಸಲ ಎಸೆದಾಗ 80 ಸಲ ಅಂಗಾತ ಬಿತ್ತೆನ್ನಿ. ಪ್ರಾಯೋಗಿಕ ಸಂಭವನೀಯತೆ 80/200, ಅಂದರೆ 0.4. ಉಳಿದ ಮೂರೂ ಅದರಂತೆಯೇ ಇದ್ದರೆ ನಾಲ್ಕೂ ಅಂಗಾತ ಬೀಳುವುದು 0.4 × 0.4 × 0.4 × 0.4 = 0.0256. ನಾಲ್ಕೂ ಬೋರಲು ಬೀಳುವುದು 0.6ರ ನಾಲ್ಕನೇ ಘಾತ, 0.1296. ಸುಮಾರು ಐದು ಪಟ್ಟು! ಹತ್ತಿಪ್ಪತ್ತು ಸಲ ಎಸೆದು ನಿಲ್ಲಿಸಬೇಡಿ, ಅಷ್ಟರಲ್ಲಿ ಅಂಕಿ ನೆಲೆ ನಿಲ್ಲುವುದಿಲ್ಲ.