ಯಾವಾಗಲೂ ಕೆಟ್ಟದ್ದೇ ಯೋಚಿಸುವ ಅಭ್ಯಾಸ ಬಿಡುವುದು ಹೇಗೆ?

'ಇದನ್ನು ಯೋಚಿಸಲೇಬಾರದು' ಅಂತ ಮಾತ್ರ ಹಟ ಹಿಡಿಯಬೇಡಿ. ತಡೆದಷ್ಟೂ ಜಾಸ್ತಿ ಬರುತ್ತದೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕೆಲವರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಸಿಕೊಳ್ಳಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಮತ್ತೆ ಮತ್ತೆ ಬಾರಿಸುತ್ತಲೇ ಇತ್ತು!

ಅದಕ್ಕೇ ಯೋಚನೆಯನ್ನು ಓಡಿಸುವ ಬದಲು ವಿಚಾರಣೆ ಮಾಡಿ. 1960ರ ದಶಕದಲ್ಲಿ ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು ಶುರುಮಾಡಿದ ಕಾಗ್ನಿಟಿವ್ ಥೆರಪಿ ಎಂಬ ಮಾತಿನ ಚಿಕಿತ್ಸೆಯ ತಿರುಳೇ ಇದು. ಬಾಸ್ ಮಧ್ಯಾಹ್ನ 'ಸಂಜೆ ಸ್ವಲ್ಪ ಮಾತಾಡೋದಿದೆ' ಅಂತ ವಾಟ್ಸಾಪ್ ಮಾಡುತ್ತಾರೆ ಅಂದುಕೊಳ್ಳಿ. ಅಷ್ಟಕ್ಕೇ ನಮ್ಮ ತಲೆ, ಕೆಲಸ ಹೋಯ್ತು, ಇಎಂಐ ಕಟ್ಟೋದು ಹೇಗೆ, ಊರಲ್ಲಿ ಏನಂತಾರೋ ಅನ್ನುವವರೆಗೂ ಓಡಿಬಿಡುತ್ತದೆ, ಅಲ್ವಾ? ಆಗ ಒಂದು ಚೀಟಿ ತಗೊಂಡು 'ಕೆಲಸ ಹೋಗುತ್ತೆ' ಅಂತಲೇ ಬರೆಯಿರಿ. ಕೆಳಗೆ, ಅದಕ್ಕೆ ಸಾಕ್ಷಿ ಏನು? ಅದರ ಕೆಳಗೆ, ಇನ್ನೇನಿರಬಹುದು? ರಜೆಯ ವಿಷಯ, ಹೊಸ ಕೆಲಸ, ಯಾರದೋ ಮೇಲಿನ ದೂರು, ಏನು ಬೇಕಾದರೂ ಇರಬಹುದು. ಸಂಜೆ ಮಾತು ಮುಗಿದ ಮೇಲೆ ನಿಜವಾಗಿ ಏನಾಯಿತು ಅಂತಾನೂ ಅದೇ ಚೀಟಿಯಲ್ಲಿ ಬರೆಯಿರಿ. ಜನ ಬಿಟ್ಟುಬಿಡುವುದು ಇದನ್ನೇ, ಮುಖ್ಯವಾದದ್ದೂ ಇದೇ.

ತಲೆಯಲ್ಲೇ ಮಾಡುತ್ತೇನೆ ಅಂದರೆ ನಡೆಯೋದು ಕಷ್ಟ, ಅಲ್ಲಿ ಮತ್ತೆ ಅದೇ ಸುತ್ತು. 'ಪಾಸಿಟಿವ್ ಆಗಿರಿ' ಅನ್ನುವ ಉಪದೇಶ ನನ್ನ ಪ್ರಕಾರ ಸುಮ್ನೆ ದಂಡ.

ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ ಚೀಟಿ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.